ಟಿಕ್ ಟಿಕ್ ಸದ್ದು ಟ್ಯಾಪೆಟ್ಟಿನದೇ?

ಗಂಗಾವತಿಯ ಅಣ್ಣನವರೇ, ಭತ್ತದ ಚೀಲ ಹೇರಿಕೊಂಡು ಕಾರಟಗಿಗೆ ಓಡುವ ನಿಮ್ಮ ಹಳೇ ಪಿಕಪ್ ಮುಂಜಾನೆ ‘ಟಿಕ್ ಟಿಕ್’ ಎಂದು, ಬಿಸಿಯಾದ ಮೇಲೆ ಸುಮ್ಮನಾಗುತ್ತದೆ ಎಂದಿದ್ದೀರಿ. ಟ್ಯಾಪೆಟ್ಟಿಗೆ ಕೈಹಾಕುವ ಮೊದಲು ಬಾನೆಟ್ ಎತ್ತಿ ನೋಡಿ. ಎಕ್ಸಾಸ್ಟ್ ಮ್ಯಾನಿಫೋಲ್ಡು ಹೆಡ್ಡಿಗೆ ಕೂಡುವಲ್ಲಿ ಕಪ್ಪು ಮಸಿಯ ಗೆರೆ ಕಂಡರೆ ಹೊಗೆ ಅಲ್ಲಿಂದಲೇ ಸೋರುತ್ತಿದೆ. ಬೀಡುಕಬ್ಬಿಣ ಕಾದು ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತದೆ, ಆರಿದಾಗ ಮತ್ತೆ ಬಾಯಿ ಬಿಡುತ್ತದೆ.

ಕ್ಯಾಬಿನ್ನಿನಲ್ಲಿ ಮಕ್ಕಳನ್ನೂ ಕೂರಿಸಿಕೊಳ್ಳುತ್ತೀರಿ. ನನಗೆ ಚಿಂತೆ ಅದರದ್ದೇ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಿಪೇರಿ ಮುಂದೂಡಬೇಡಿ.

ಮ್ಯಾನಿಫೋಲ್ಡು ಬಿಚ್ಚುವಾಗ ಕಷ್ಟವಿರುವುದು ತುಕ್ಕು ತಿಂದ ನಟ್ಟುಗಳಲ್ಲಿ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ ಜಗ್ಗಬೇಡಿ. ಕಾಲು ಸುತ್ತು ಬಿಚ್ಚಿ, ಸ್ವಲ್ಪ ಹಿಂದಕ್ಕೆ ತಿರುಗಿಸಿ, ಮತ್ತೆ ಬಿಚ್ಚಿ. ಹಠ ಹಿಡಿದ ನಟ್ಟನ್ನು ಅನುಭವಸ್ಥ ಮೆಕ್ಯಾನಿಕ್ಕೇ ಗ್ಯಾಸಿನಿಂದ ಕಾಯಿಸಲಿ. ಸ್ಟಡ್ಡು ಒಳಗೇ ಮುರಿದರೆ ಹೆಡ್ಡು ಲೇತಿಗೆ ಹೋದೀತು.

ಮ್ಯಾನಿಫೋಲ್ಡೇ ಬಿರುಕು ಬಿಟ್ಟಿದ್ದರೆ, ವೆಲ್ಡಿಂಗ್ ಮಾಡಿಸಿದರೂ ಬಹಳ ದಿನ ಬಾಳುವುದು ಕಡಿಮೆ. ಗುಜರಿಯಿಂದ ಬೇರೆ ಮ್ಯಾನಿಫೋಲ್ಡು ತಂದರೆ ಅದು ಹೆಡ್ಡಿಗೆ ಕೂಡುವ ಮೈಮೇಲೆ ಉಕ್ಕಿನ ಪಟ್ಟಿ ಇಟ್ಟು ಸೊಟ್ಟಗಿದೆಯೇ ನೋಡಿ. ಗ್ಯಾಸ್ಕೆಟ್ ಮಾತ್ರ ಹೊಸದೇ ಇರಲಿ. ನಡುವಿನ ನಟ್ಟಿನಿಂದ ಶುರುಮಾಡಿ ಎರಡೂ ಅಂಚಿನತ್ತ ಬಿಗಿಸುತ್ತ ಬನ್ನಿ. ನಾಲ್ಕು ಟ್ರಿಪ್ ಆದಮೇಲೆ ತಣ್ಣಗಿರುವಾಗ ಮತ್ತೊಮ್ಮೆ ಪರೀಕ್ಷಿಸಿ.