ಮಂಜಮ್ಮ ಜೋಗತಿಯವರ ಬದುಕು: ಎಂಟನೇ ತರಗತಿಗೆ ಎರಡು ಅವಧಿಯ ಪಾಠ

ಈ ಸಲದ ಬೋಧನಾಭ್ಯಾಸಕ್ಕೆ ಅರಸೀಕೆರೆ, ಬೇಲೂರು, ಹಳೇಬೀಡಿನ ಪ್ರೌಢಶಾಲೆಗಳಿಗೆ ಹೋದ ಕನ್ನಡ ವಿಷಯದ ಪ್ರಶಿಕ್ಷಣಾರ್ಥಿಗಳಿಗೆ ಒಂದು ಪೂರಕ ಪಾಠವನ್ನು ಕೊಟ್ಟಿದ್ದೆವು. ಪಾಠದ ವಸ್ತು ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರ ಜೀವನ ಮತ್ತು ಸಾಧನೆ. ಮೂರೂ ಕಡೆ ಪಾಠಗಳನ್ನು ಅವಲೋಕಿಸಿದ ಮೇಲೆ ಯೋಜನೆಯನ್ನು ತಿದ್ದಿ ಇಲ್ಲಿ ಕೊಡುತ್ತಿದ್ದೇನೆ. ಮುಂದಿನ ತಂಡದವರು ಇದನ್ನು ತಮ್ಮ ತರಗತಿಗೆ ಹೊಂದಿಸಿಕೊಳ್ಳಲಿ.

ಮೊದಲು ಉದ್ದೇಶದ ಮಾತು. ಹೆಚ್ಚಿನವರ ಪಾಠಯೋಜನೆಯಲ್ಲಿ ‘ಲಿಂಗತ್ವ ಅಲ್ಪಸಂಖ್ಯಾತರ ಬಗ್ಗೆ ಮಕ್ಕಳಲ್ಲಿ ಕರುಣೆ ಬೆಳೆಸುವುದು’ ಎಂದು ಬರೆದಿತ್ತು. ಆ ಸಾಲನ್ನು ಹೊಡೆದುಹಾಕಲು ಹೇಳಿದೆ. ‘ಅಯ್ಯೋ ಪಾಪ’ ಎಂದು ಹೇಳಿಸುವುದಕ್ಕೆ ಮಂಜಮ್ಮನವರ ಕಥೆ ಬೇಕಿಲ್ಲ. ಅದನ್ನು ಮಕ್ಕಳು ಈಗಾಗಲೇ ಕಲಿತಿದ್ದಾರೆ. ಬೇಕಾದದ್ದು ಬೇರೆ: ಅವರನ್ನು ಮಕ್ಕಳು ಒಬ್ಬ ಕುಣಿತಗಾರ್ತಿಯಾಗಿ, ಹಾಡುಗಾರ್ತಿಯಾಗಿ, ತಂಡ ಕಟ್ಟಿದವರಾಗಿ, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದವರಾಗಿ ಗುರುತಿಸಬೇಕು. ಹಾಗಾಗಿ ಪಾಠದ ಕ್ರಮವೂ ಬದಲಾಗುತ್ತದೆ. ಕಲೆ ಮೊದಲು, ಬದುಕು ಆಮೇಲೆ.

ಪೂರ್ವಜ್ಞಾನ ಮೂರು ಊರಿನಲ್ಲೂ ಒಂದೇ ಅಲ್ಲ. ಅರಸೀಕೆರೆ ಜಂಕ್ಷನ್ನು. ಬೆಂಗಳೂರು, ಹುಬ್ಬಳ್ಳಿ, ಮೈಸೂರು ಕಡೆಯ ಗಾಡಿಗಳು ಅಲ್ಲಿ ಕೂಡುತ್ತವೆ. ಅಲ್ಲಿನ ಮಕ್ಕಳು ಲಿಂಗತ್ವ ಅಲ್ಪಸಂಖ್ಯಾತರನ್ನು ನೋಡಿರುವುದು ರೈಲಿನಲ್ಲಿ, ಚಪ್ಪಾಳೆ ತಟ್ಟಿ ದುಡ್ಡು ಕೇಳುವಾಗ. ಹೆದರಿಕೆ, ನಗು ಎರಡೂ ಅಲ್ಲಿಂದಲೇ ಬಂದಿವೆ. ಅದನ್ನು ಉದ್ಧಟತನ ಎಂದು ತಿಳಿದು ಮಕ್ಕಳ ಬಾಯಿ ಮುಚ್ಚಿಸಿದರೆ ಪಾಠ ಮುಂದೆ ಹೋಗುವುದಿಲ್ಲ. ಕೆಲಸ ಕೊಡುವವರಿಲ್ಲದಾಗ ಕೈಚಾಚುವುದು ಏಕೆ ಉಳಿಯಿತು ಎಂಬ ಪ್ರಶ್ನೆಯನ್ನು ಎರಡನೇ ಅವಧಿಗೆ ಕಾಯ್ದಿಡಿ.

ಪೀಠಿಕೆಗೆ ಒಂದು ಬಿಂದಿಗೆ ಸಾಕು. ಅರ್ಧ ನೀರು ತುಂಬಿಸಿ, ಇಷ್ಟಪಟ್ಟ ಇಬ್ಬರು ಮಕ್ಕಳನ್ನು ಕರೆದು, ತಲೆಯ ಮೇಲೆ ಹೊತ್ತು ಕೈಬಿಟ್ಟು ನಡೆಯಲು ಹೇಳಿ. ನಾಲ್ಕು ಹೆಜ್ಜೆಗೆ ನೀರು ಚೆಲ್ಲುತ್ತದೆ, ತರಗತಿ ನಗುತ್ತದೆ. ಆಗ ಕೇಳಿ: ಹೀಗೆ ಕೊಡ ಹೊತ್ತು ಹಾಡಿನ ಲಯಕ್ಕೆ ಕುಣಿಯುವುದಾದರೆ ಎಷ್ಟು ವರ್ಷ ಅಭ್ಯಾಸ ಬೇಕು? ಅಲ್ಲಿಂದ ಜೋಗತಿ ನೃತ್ಯಕ್ಕೆ ಬನ್ನಿ. ಎಲ್ಲಮ್ಮನ ಕೊಡವನ್ನು ತಲೆಯ ಮೇಲೆ ಹೊತ್ತು, ಚೌಡಿಕೆಯ ನುಡಿತಕ್ಕೆ ದೇವಿಯ ಪದಗಳನ್ನು ಹಾಡುತ್ತ ಕುಣಿಯುವ ಕಲೆ ಅದು. ಉತ್ತರ ಕರ್ನಾಟಕದ ಕಡೆಯದು. ನಮ್ಮ ಮಕ್ಕಳಿಗೆ ಹೊಸದು. ಚೌಡಿಕೆ ನಮ್ಮಲ್ಲಿ ಸಿಗುವುದಿಲ್ಲವಾದ್ದರಿಂದ ಚಿತ್ರ ತೋರಿಸಿ, ಮೊಬೈಲಿನಲ್ಲಿ ಎರಡು ಮೂರು ನಿಮಿಷದ ತುಣುಕನ್ನು ಕೇಳಿಸಿ. ಕುಣಿಯುತ್ತಿರುವವರು ಯಾರು ಎಂದು ಇನ್ನೂ ಹೇಳಬೇಡಿ.

ಈಗ ಬದುಕು. ಬಳ್ಳಾರಿ ಸೀಮೆಯ ಕಲ್ಲುಕಂಬ ಎಂಬ ಊರಿನ ಕುಟುಂಬವೊಂದರಲ್ಲಿ ಗಂಡುಮಗುವೆಂದು ಎಣಿಸಲ್ಪಟ್ಟ ಮಗು ಬೆಳೆಯುತ್ತ ಹೋದಂತೆ ತನ್ನನ್ನು ಹೆಣ್ಣೆಂದೇ ಕಂಡುಕೊಂಡಿತು. ಹದಿಹರೆಯದಲ್ಲಿ ಮನೆಯವರು ಹುಲಿಗೆಮ್ಮನ ಸನ್ನಿಧಿಗೆ ಕರೆದೊಯ್ದು ಮುತ್ತು ಕಟ್ಟಿಸಿದರು. ಅಲ್ಲಿಗೆ ಆ ಮನೆಯ ಬಾಗಿಲು ಮುಚ್ಚಿತು. ಮುಂದಿನ ವರ್ಷಗಳಲ್ಲಿ ಭಿಕ್ಷೆ, ಹಸಿವು, ಹಲ್ಲೆ ಎಲ್ಲವೂ ಇದ್ದವು. ಮಂಜಮ್ಮನವರು ಅವನ್ನು ಮುಚ್ಚಿಟ್ಟವರಲ್ಲ. ಆದರೆ ಎಂಟನೇ ತರಗತಿಗೆ ಒಂದು ವಾಕ್ಯ ಸಾಕು. ಕಷ್ಟವನ್ನು ಅಭಿನಯಿಸಿ ತೋರಿಸಲು ಹೋದ ಪ್ರಶಿಕ್ಷಣಾರ್ಥಿಯ ತರಗತಿಯಲ್ಲಿ ಇಬ್ಬರು ಅತ್ತರು, ಕುಣಿತದ ಬಗ್ಗೆ ಒಬ್ಬರೂ ಪ್ರಶ್ನೆ ಕೇಳಲಿಲ್ಲ.

ನಿಲ್ಲಬೇಕಾದ ಜಾಗ ದಾವಣಗೆರೆಯ ಬಸ್ ನಿಲ್ದಾಣ. ಅಲ್ಲಿ ತಂದೆ ಹಾಡುತ್ತಿದ್ದರು, ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದ. ಮಂಜಮ್ಮನವರು ಅದನ್ನು ನೋಡಿ ಕಲಿಯಲು ಹಟ ಹಿಡಿದರು. ಆಮೇಲೆ ಕಾಳವ್ವ ಜೋಗತಿ ಎಂಬ ಹಿರಿಯ ಕಲಾವಿದೆಯ ತಂಡ ಸೇರಿ, ಅವರ ಕಾಲಾನಂತರ ತಂಡವನ್ನು ತಾವೇ ನಡೆಸಿದರು. ಊರ ಜಾತ್ರೆಗಳಿಗೆ ಸೀಮಿತವಾಗಿದ್ದ ಕುಣಿತವನ್ನು ವೇದಿಕೆಗೆ ತಂದರು. 2006ರಲ್ಲಿ ಜಾನಪದ ಅಕಾಡೆಮಿ ಪ್ರಶಸ್ತಿ ಬಂತು. 2019ರಲ್ಲಿ ಅದೇ ಅಕಾಡೆಮಿಗೆ ಅಧ್ಯಕ್ಷರಾದರು. ಲಿಂಗತ್ವ ಅಲ್ಪಸಂಖ್ಯಾತರಲ್ಲಿ ಆ ಕುರ್ಚಿಯಲ್ಲಿ ಕುಳಿತವರು ಅವರೇ ಮೊದಲು. 2021ರಲ್ಲಿ ಪದ್ಮಶ್ರೀ. ಆ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪ್ರಶಸ್ತಿ ತೆಗೆದುಕೊಳ್ಳಲು ಹೋದಾಗ ರಾಷ್ಟ್ರಪತಿ ರಾಮನಾಥ ಕೋವಿಂದರಿಗೆ ಸೆರಗಿನಿಂದ ದೃಷ್ಟಿ ನಿವಾಳಿಸಿದರು. ಈ ಚಿತ್ರವನ್ನು ತಪ್ಪದೆ ತೋರಿಸಿ. ಹರಸುವವರು ಯಾರು, ಹರಸಿಸಿಕೊಂಡವರು ಯಾರು ಎಂದು ಮಕ್ಕಳೇ ಹೇಳುತ್ತಾರೆ.

ಹಳೇಬೀಡಿನ ತರಗತಿಯಲ್ಲಿ ಒಬ್ಬ ಹುಡುಗ, ‘ಚಿಕ್ಕವರಿದ್ದಾಗಿನ ಮಾತು ಬಂದಾಗ ಅವನು ಅನ್ನಬೇಕಾ ಮಿಸ್, ಅವಳು ಅನ್ನಬೇಕಾ?’ ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಪ್ರಶಿಕ್ಷಣಾರ್ಥಿ, ‘ಪದ್ಮಶ್ರೀ ತಗೊಂಡ ಹಿರಿಯರಿಗೆ ನಾವು ಅವನು, ಅವಳು ಎರಡೂ ಅನ್ನಲ್ಲ, ಅವರು ಅಂತೀವಿ’ ಎಂದರು. ಉತ್ತರ ಚೆನ್ನಾಗಿತ್ತು. ಮಂಜಮ್ಮನವರ ಹುಟ್ಟುಹೆಸರು ಕಪ್ಪುಹಲಗೆಯ ಮೇಲೆ ಬರಬೇಕಾಗಿಲ್ಲ. ಲಿಂಗತ್ವ ಅಲ್ಪಸಂಖ್ಯಾತರು ಎಂಬ ಮಾತನ್ನು ಬರೆಯಿರಿ. ತೃತೀಯಲಿಂಗಿ, ಮಂಗಳಮುಖಿ ಎಂಬ ಮಾತುಗಳು ಪತ್ರಿಕೆಗಳಲ್ಲಿ ಬರುತ್ತವೆ ಎಂದು ಹೇಳಿ. ಬೀದಿಯಲ್ಲಿ ಕೇಳುವ ಬೈಗುಳದ ಪದಗಳು ಎಲ್ಲರಿಗೂ ಗೊತ್ತು, ಅವನ್ನು ಬರೆದು ಆಮೇಲೆ ಅಳಿಸುವ ನಾಟಕ ಬೇಡ.

ಇನ್ನೊಂದು ಎಚ್ಚರಿಕೆ. ಮುತ್ತು ಕಟ್ಟುವ ಮಾತು ಬಂದರೆ ದೇವದಾಸಿ ಪದ್ಧತಿಯ ಪ್ರಶ್ನೆ ಏಳುತ್ತದೆ. ದೇವರಿಗೆ ಹೆಣ್ಣುಮಕ್ಕಳನ್ನು ಬಿಡುವುದನ್ನು ಕರ್ನಾಟಕ 1982ರ ಕಾಯ್ದೆಯಿಂದಲೇ ನಿಷೇಧಿಸಿದೆ ಎಂದು ನೇರವಾಗಿ ಹೇಳಿ. ಮಂಜಮ್ಮನವರ ಕಲೆಯನ್ನು ಕೊಂಡಾಡುವಾಗ ಅವರನ್ನು ಮನೆಯಿಂದ ಹೊರಗೆ ಹಾಕಿದ ಪದ್ಧತಿಯನ್ನು ಕೊಂಡಾಡುತ್ತಿಲ್ಲ. ಈ ಎರಡನ್ನೂ ಬೇರೆ ಮಾಡಿ ಹೇಳಲು ಪ್ರಶಿಕ್ಷಣಾರ್ಥಿ ಮೊದಲೇ ತಯಾರಾಗಿರಬೇಕು.

ಬೇಲೂರು, ಹಳೇಬೀಡಿನಲ್ಲಿ ಪಾಠ ಮಾಡುವವರಿಗೆ ಕೈಗೆಟಕುವ ಸಾಮಗ್ರಿ ಇದೆ. 1117ರ ಚೆನ್ನಕೇಶವ ದೇವಾಲಯದ ನವರಂಗದಲ್ಲಿ ಮೋಹಿನಿ ಕಂಬವಿದೆ. ವಿಷ್ಣುವಿನ ಹೆಣ್ಣುರೂಪ, ಅದೇ ಕಂಬದಲ್ಲಿ ದಶಾವತಾರದ ಪಟ್ಟಿಕೆ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಶಾಲೆಗಳು ಮಕ್ಕಳನ್ನು ಅಲ್ಲಿಗೆ ಹೆಚ್ಚಾಗಿ ಕರೆದೊಯ್ಯುತ್ತಿವೆ. ಮಳೆ ಹೋದರೆ ವಿರಾಟಪರ್ವ ಓದಿಸುವ ರೂಢಿ ಬಯಲುಸೀಮೆಯಲ್ಲಿ ಇರುವುದರಿಂದ ಬೃಹನ್ನಳೆಯ ಹೆಸರು ಅರಸೀಕೆರೆಯ ಹಳ್ಳಿಮಕ್ಕಳಿಗೂ ಗೊತ್ತು. ಬೃಹನ್ನಳೆ ಉತ್ತರೆಗೆ ನಾಟ್ಯ ಕಲಿಸಿದ ಗುರು ಎಂಬುದನ್ನು ನಾವು ಶಿಕ್ಷಕರು ಮರೆಯಬಾರದು. ಆದರೆ ಮೋಹಿನಿ, ಬೃಹನ್ನಳೆ ಇಬ್ಬರೂ ತಾತ್ಕಾಲಿಕ ವೇಷಗಳು. ಮಂಜಮ್ಮನವರದು ವೇಷವಲ್ಲ. ‘ನಮ್ಮ ಪುರಾಣದಲ್ಲೇ ಗೌರವವಿತ್ತು’ ಎಂದು ಹೇಳಿ ಮುಗಿಸಿದರೆ ಅರ್ಧ ಸತ್ಯ ಹೇಳಿದಂತೆ. ಬೇಲೂರಿನ ಒಬ್ಬ ಹುಡುಗಿ ತಾನಾಗಿಯೇ ಕೇಳಿದಳು: ‘ಕಲ್ಲಿನಲ್ಲಿದ್ದರೆ ಕೈಮುಗೀತೀವಿ, ಬಸ್ಸಲ್ಲಿ ಪಕ್ಕ ಕೂತರೆ ಯಾಕೆ ಎದ್ದು ಹೋಗ್ತೀವಿ?’ ಪ್ರಶಿಕ್ಷಣಾರ್ಥಿ ಉತ್ತರ ಕೊಡದೆ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದರು. ಅದೇ ಸರಿ.

ಕನ್ನಡ ಶಿಕ್ಷಕರಿಗೆ ಈ ಪಾಠ ನಿಜವಾಗಿ ಎದುರಾಗುವುದು ವ್ಯಾಕರಣದ ಅವಧಿಯಲ್ಲಿ. ಒಂದು ಶಾಲೆಯಲ್ಲಿ ಪುಲ್ಲಿಂಗ, ಸ್ತ್ರೀಲಿಂಗ ಬರೆದು ಮುಗಿಸಿ ‘ನಪುಂಸಕಲಿಂಗ’ ಎಂದು ಬರೆದದ್ದೇ ತಡ, ಹಿಂದಿನ ಬೆಂಚಿನ ಮೂವರು ತರಗತಿಯ ಒಬ್ಬ ಮೆದುಮಾತಿನ ಹುಡುಗನ ಹೆಸರು ಹೇಳಿದರು. ಆ ಹುಡುಗ ಪುಸ್ತಕದಿಂದ ತಲೆ ಎತ್ತಲಿಲ್ಲ. ನಮ್ಮ ಶಾಲೆಗಳಲ್ಲಿ ಇದು ಪ್ರತಿವರ್ಷ ನಡೆಯುತ್ತದೆ. ಶಿಕ್ಷಕರು ಕೇಳಿಸದಂತೆ ಮುಂದೆ ಹೋಗುತ್ತಾರೆ, ಕೆಲವರು ತಾವೂ ನಗುತ್ತಾರೆ. ಶಾಲೆ ಬಿಡುವುದು ಇಲ್ಲಿಂದಲೇ ಶುರುವಾಗುತ್ತದೆ.

ಆ ಪ್ರಶಿಕ್ಷಣಾರ್ಥಿ ಹುಡುಗನತ್ತ ನೋಡಲಿಲ್ಲ. ನೋಡಿದ್ದರೆ ಇಡೀ ತರಗತಿ ನೋಡುತ್ತಿತ್ತು. ‘ಸೂರ್ಯ’ ಎಂದು ಬರೆದು ಕ್ರಿಯಾಪದ ಸೇರಿಸಲು ಹೇಳಿದರು. ಸೂರ್ಯ ಮೂಡಿದನು, ಸೂರ್ಯ ಮೂಡಿತು, ಎರಡೂ ಬಂತು. ಇದು ಪುನ್ನಪುಂಸಕಲಿಂಗ. ದೇವತೆ ಒಲಿದಳು, ದೇವತೆ ಒಲಿಯಿತು: ಸ್ತ್ರೀನಪುಂಸಕಲಿಂಗ. ‘ಮಗು ಅತ್ತಿತು’ ಎನ್ನುವಾಗ ಮಗು ಹೆಣ್ಣೋ ಗಂಡೋ ವಾಕ್ಯಕ್ಕೆ ಬೇಕಿಲ್ಲ. ಕೊನೆಗೆ ‘ನಾನು ಬಂದೆ’ ಎಂದು ಪ್ರತಿಯೊಬ್ಬರಿಂದಲೂ ಹೇಳಿಸಿದರು. ಹುಡುಗ ಹೇಳಿದರೂ ಹುಡುಗಿ ಹೇಳಿದರೂ ರೂಪ ಬದಲಾಗಲಿಲ್ಲ. ವ್ಯಾಕರಣದ ಲಿಂಗ ಪದದ್ದು, ಮನುಷ್ಯರದ್ದಲ್ಲ ಎಂದು ಬಿಡಿಸಿ ಹೇಳಿದರು. ಅವಧಿ ಮುಗಿದ ಮೇಲೆ ಆ ಮೂವರನ್ನು ಬೇರೆಯಾಗಿ ಕರೆದು ಮಾತಾಡಿದರು. ಅವಲೋಕನ ಪುಸ್ತಕದಲ್ಲಿ ನಾನು ಹೆಚ್ಚು ಅಂಕ ಕೊಟ್ಟ ಹತ್ತು ನಿಮಿಷ ಅದು.

ಎರಡನೇ ಅವಧಿ ಸಮಾಜ ವಿಜ್ಞಾನದ ಶಿಕ್ಷಕರೊಂದಿಗೆ ಸೇರಿ ಮಾಡುವಂಥದ್ದು. 2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಅಲ್ಲದೆ ‘ಇತರೆ’ ಎಂದು ದಾಖಲಾದವರು ದೇಶದಲ್ಲಿ 4,87,803, ಕರ್ನಾಟಕದಲ್ಲಿ 20,266. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ತಮ್ಮ ಲಿಂಗತ್ವವನ್ನು ತಾವೇ ಹೇಳಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. 2019ರಲ್ಲಿ ಕೇಂದ್ರ ಕಾಯ್ದೆ ಬಂತು. ಗುರುತಿಗೆ ಜಿಲ್ಲಾಧಿಕಾರಿಯ ಪ್ರಮಾಣಪತ್ರ ಬೇಕೆಂಬ ಅದರ ನಿಯಮಕ್ಕೆ ಸಮುದಾಯದಿಂದ ವಿರೋಧವೂ ಬಂತು. ರಾಜ್ಯದಲ್ಲಿ ಪೊಲೀಸ್ ನೇಮಕಾತಿಯ ಅರ್ಜಿಯಲ್ಲಿ ಗಂಡು, ಹೆಣ್ಣು ಎರಡೇ ಕಲಂ ಇದ್ದದ್ದು ಹೈಕೋರ್ಟಿಗೆ ಹೋಗಿ, 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಶೇ. 1ರಷ್ಟು ಮೀಸಲಾತಿ ಬಂತು. ರೈಲಿನ ಪ್ರಶ್ನೆಯನ್ನು ಇಲ್ಲಿ ಮತ್ತೆ ಎತ್ತಿಕೊಳ್ಳಿ. ಅರ್ಜಿಯಲ್ಲಿ ಕಲಮ್ಮೇ ಇಲ್ಲದಿದ್ದವರು ಯಾವ ಕೆಲಸಕ್ಕೆ ಹೋಗಬೇಕಿತ್ತು?

ಬೇರೆ ಹೆಸರುಗಳನ್ನೂ ಸೇರಿಸಿ, ಮಂಜಮ್ಮನವರು ಒಂಟಿ ಅಪವಾದದಂತೆ ಕಾಣಬಾರದು. ಹಕ್ಕಿನ ಹೋರಾಟದಲ್ಲಿ ರಾಜ್ಯೋತ್ಸವ ಪ್ರಶಸ್ತಿ ಪಡೆದ ಅಕ್ಕೈ ಪದ್ಮಶಾಲಿ. ತಮಿಳುನಾಡಿನಿಂದ ಬಂದು ಬೆಂಗಳೂರಿನಲ್ಲಿ ದುಡಿದು ಆತ್ಮಕಥೆ ಬರೆದ ಎ. ರೇವತಿ, ಅದು ‘ಬದುಕು ಬಯಲು’ ಎಂಬ ಹೆಸರಿನಲ್ಲಿ ಕನ್ನಡಕ್ಕೂ ಬಂದು ರಂಗವೇರಿತು. ದೂರದ ಒಂದು ಹೆಸರನ್ನೂ ಹೇಳಬಹುದು. 1969ರ ಜೂನಿನಲ್ಲಿ ನ್ಯೂಯಾರ್ಕಿನ ಸ್ಟೋನ್‌ವಾಲ್ ಎಂಬಲ್ಲಿ ಪೊಲೀಸ್ ದಾಳಿಯ ವಿರುದ್ಧ ಎದ್ದ ಪ್ರತಿಭಟನೆಯ ಮುಂಚೂಣಿಯಲ್ಲಿದ್ದ ಕಪ್ಪು ಸಮುದಾಯದ ಮಾರ್ಷಾ ಪಿ. ಜಾನ್ಸನ್. ಮರುವರ್ಷ ಗೆಳತಿ ಸಿಲ್ವಿಯಾ ರಿವೇರಾ ಜೊತೆ ಸಂಘ ಕಟ್ಟಿ, ಮನೆಯಿಂದ ಹೊರಬಿದ್ದ ಎಳೆಯರಿಗೆ ಸೂರು ಕೊಟ್ಟರು. ಕಾಳವ್ವ ತಮ್ಮ ತಂಡದಲ್ಲಿ ಮಂಜಮ್ಮನವರಿಗೆ ಜಾಗ ಕೊಟ್ಟದ್ದರ ಪಕ್ಕ ಇದನ್ನಿಟ್ಟರೆ ಮಕ್ಕಳಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಮೌಲ್ಯಮಾಪನಕ್ಕೆ ಇಸವಿ ಕೇಳುವ ಪ್ರಶ್ನೆ ಒಂದಿರಲಿ. ಇನ್ನೊಂದು ಹೀಗಿರಲಿ: ‘ಜಾನಪದ ಅಕಾಡೆಮಿ ಅಧ್ಯಕ್ಷರಾಗಿದ್ದ ಮಂಜಮ್ಮನವರು ನಿಮ್ಮೂರಿಗೆ ಬಂದರೆ ಯಾವ ಕಲಾವಿದರನ್ನು ಪರಿಚಯಿಸುತ್ತೀರಿ? ಏಕೆ?’ ವೀರಗಾಸೆಯವರು, ಸೋಮನ ಕುಣಿತದವರು, ಸೋಬಾನೆ ಹೇಳುವ ಅಜ್ಜಿಯರು ಉತ್ತರಗಳಲ್ಲಿ ಬಂದರು. ಹೆಸರಷ್ಟೇ ಬರೆದವರಿಗೆ ಅರ್ಧ ಅಂಕ, ಆ ಕಲೆಯಲ್ಲಿ ಕಷ್ಟವಾದದ್ದು ಏನು ಎಂದು ಬರೆದವರಿಗೆ ಪೂರ್ಣ ಅಂಕ ಕೊಡಿ.