ಕಂತಿನ ಮಿಷನ್ನು ಯಾರದು?

ಹೊಳೆನರಸೀಪುರದ ಹತ್ತಿರ ಒಂದು ಹಳ್ಳಿ. ಸಂಜೆ ಏಳು ಗಂಟೆ. ಶಾಲೆಯ ಜಗುಲಿಯಲ್ಲಿ ನಮ್ಮ ಅಕ್ಷರ ತರಗತಿ ನಡೆದಿತ್ತು. ಆ ದಿನ ಹೊಲಿಗೆ ಅಕ್ಕ ತಡವಾಗಿ ಬಂದರು. ಕೈಯಲ್ಲಿ ಒಂದು ಚೀಲ. ಚೀಲದಲ್ಲಿ ಕಾಗದಗಳು.

“ಟೀಚರಮ್ಮ, ಪವರ್ ಮಿಷನ್ನು, ಓವರ್‌ಲಾಕ್ ಮಿಷನ್ನು ಎರಡೂ ಕಂತಿನ ಮೇಲೆ ತಗೋತಾ ಇದೀನಿ. ನಾಳೆ ಹಾಸನಕ್ಕೆ ಹೋಗಿ ರುಜು ಹಾಕಬೇಕು. ಇದರಲ್ಲಿ ಏನೈತೆ, ಒಂಚೂರು ನೋಡಿ.”

“ನಾನ್ಯಾಕೆ ನೋಡಲಿ? ಈಗ ನಿಮಗೇ ಓದಕ್ಕೆ ಬರುತ್ತಲ್ಲ. ಗಟ್ಟಿಯಾಗಿ ಓದಿ, ಎಲ್ಲರೂ ಕೇಳೋಣ” ಅಂದೆ.

ಅಕ್ಕ ಬೆರಳಿಟ್ಟು ಓದಿದರು. “ಬಾ-ಡಿ-ಗೆ ಖ-ರೀ-ದಿ ಕ-ರಾ-ರು.” ಓದಿ ಅಲ್ಲೇ ನಿಂತರು.

“ಇದೇನಮ್ಮ, ಬಾಡಿಗೆ ಅಂತ ಐತೆ! ನಾನು ಬಾಡಿಗೆಗೆ ತಗೋತಾ ಇಲ್ಲ. ಕೊಂಡ್ಕೋತಾ ಇದೀನಿ.”

ಅಕ್ಕ ಸರಿಯಾದ ಜಾಗದಲ್ಲೇ ನಿಂತರು. ವಿಷಯ ಇರುವುದು ಆ ಪದದಲ್ಲೇ.

ಬಾಡಿಗೆ ಖರೀದಿಗೆ ಇಂಗ್ಲಿಷಿನಲ್ಲಿ ಹೈರ್ ಪರ್ಚೇಸ್ ಎನ್ನುತ್ತಾರೆ. ಮೊದಲು ಸ್ವಲ್ಪ ಮುಂಗಡ ಕೊಡುತ್ತೇವೆ. ಮಿಷನ್ನು ಮನೆಗೆ ಬರುತ್ತದೆ. ನಾವೇ ಹೊಲಿಯುತ್ತೇವೆ, ನಾವೇ ಎಣ್ಣೆ ಹಾಕುತ್ತೇವೆ, ಕೆಟ್ಟರೆ ನಾವೇ ರಿಪೇರಿ ಮಾಡಿಸುತ್ತೇವೆ. ಆದರೆ ಕೊನೆಯ ಕಂತು ಕಟ್ಟುವವರೆಗೂ ಮಿಷನ್ನಿನ ಒಡೆತನ ಕಂಪನಿಯದು. ಅಲ್ಲಿಯವರೆಗೆ ನಾವು ಕಟ್ಟಿದ ಹಣ ಬಾಡಿಗೆಯ ಲೆಕ್ಕ. ಬೇರೆಯವರ ಕರುವನ್ನು ಪಾಲಿಗೆ ಸಾಕುತ್ತೀರಲ್ಲ, ಹಾಗೆ. ಹುಲ್ಲು ಹಾಕುವವರು ನೀವು, ಮೈ ತೊಳೆಯುವವರು ನೀವು. ಆದರೂ ಕರು ನಿಮ್ಮದಲ್ಲ.

“ಹಂಗಾದ್ರೆ ಇಪ್ಪತ್ತು ಕಂತು ಕಟ್ಟಿ, ಆಮೇಲೆ ಕಟ್ಟಕ್ಕೆ ಆಗದೆ ಹೋದ್ರೆ?” ಮೂಲೆಯಲ್ಲಿ ಕೂತಿದ್ದ ಅಜ್ಜಿ ಕೇಳಿದರು.

ಕರಾರಿನಲ್ಲಿ ಹಾಗೆ ಬರೆದಿದ್ದರೆ ಕಂಪನಿಯವರು ಮಿಷನ್ನು ವಾಪಸ್ ಕೇಳಬಹುದು. ಕಟ್ಟಿದ ಹಣವೂ ಸಿಗುವುದು ಕಷ್ಟ. ಕೊಳ್ಳುವವರಿಗೆ ರಕ್ಷಣೆ ಇರಲಿ ಎಂದು 1972ರಲ್ಲಿ ಪಾರ್ಲಿಮೆಂಟು ಒಂದು ಕಾನೂನು ಮಾಡಿತ್ತು. ಆದರೆ ಅದು ಜಾರಿಗೆ ಬರಲೇ ಇಲ್ಲ. 2005ರಲ್ಲಿ ಅದನ್ನು ರದ್ದು ಮಾಡಿದರು. ಹೀಗಾಗಿ ಕಾಗದದಲ್ಲಿ ಏನು ಬರೆದಿದೆ ಎಂಬುದು ಬಹಳ ಮುಖ್ಯ.

ಈ ಪದ್ಧತಿ ಹೊಸದಲ್ಲ. ಹೊಲಿಗೆ ಮಿಷನ್ನಿಗೂ ಕಂತಿಗೂ ಹಳೆಯ ನಂಟು. ಅಮೆರಿಕದ ಸಿಂಗರ್ ಕಂಪನಿ 1856ರಲ್ಲೇ ಮಿಷನ್ನುಗಳನ್ನು ಕಂತಿನ ಮೇಲೆ ಮಾರತೊಡಗಿತು. ಒಂದೇ ಸಲಕ್ಕೆ ಅಷ್ಟು ದುಡ್ಡು ಕೊಡುವ ಶಕ್ತಿ ಅಲ್ಲಿನ ಸಂಸಾರಗಳಿಗೂ ಇರಲಿಲ್ಲ. ಕಂತು ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಕಂತಿಲ್ಲದೆ ಎಷ್ಟೋ ಮನೆಗೆ ಮಿಷನ್ನೇ ಬರುತ್ತಿರಲಿಲ್ಲ.

ಇನ್ನೆರಡು ಬಗೆ ಇವೆ. ಒಂದು, ಆಧಾರದ ಸಾಲ. ಇದರಲ್ಲಿ ವಸ್ತು ಮೊದಲ ದಿನದಿಂದಲೇ ನಿಮ್ಮದು. ಆದರೆ ಸಾಲ ತೀರುವವರೆಗೆ ಅದು ಸಾಲ ಕೊಟ್ಟವರಿಗೆ ಆಧಾರವಾಗಿರುತ್ತದೆ. ಈಗ ವಾಹನಕ್ಕೆ ಕೊಡುವ ಸಾಲ ಹೆಚ್ಚಾಗಿ ಈ ಬಗೆಯದು. ಇನ್ನೊಂದು, ಲೀಸು. ಅದು ಗುತ್ತಿಗೆಗೆ ಹೊಲ ಮಾಡಿದ ಹಾಗೆ. ಅವಧಿ ಮುಗಿದ ಮೇಲೆ ವಸ್ತುವನ್ನು ವಾಪಸ್ ಕೊಡಬೇಕು. ದೊಡ್ಡ ದೊಡ್ಡ ಯಂತ್ರಗಳನ್ನು ಹಾಗೆ ತರುತ್ತಾರೆ.

ಈಗ ಲೆಕ್ಕಕ್ಕೆ ಬರೋಣ. ಹೊಲಿಗೆ ಅಕ್ಕನ ಕಾಗದದಲ್ಲಿ ಹೀಗಿತ್ತು:

ಎರಡು ಮಿಷನ್ನಿನ ಬೆಲೆ 40,000 ರೂಪಾಯಿ.
ಮುಂಗಡ 10,000 ರೂಪಾಯಿ.
ಉಳಿದದ್ದು 30,000 ರೂಪಾಯಿ.
ತಿಂಗಳ ಕಂತು 1,550 ರೂಪಾಯಿ. ಒಟ್ಟು 24 ಕಂತು.

“ಬಡ್ಡಿ ಎಷ್ಟು ಅಂದ್ರು?” ಎಂದು ಕೇಳಿದೆ.

“ನೂರಕ್ಕೆ ಒಂದು ರೂಪಾಯಿ ಅಷ್ಟೇ. ನಮ್ಮೂರಲ್ಲಿ ಕೈಸಾಲಕ್ಕೆ ಮೂರು ರೂಪಾಯಿ ತಗೋತಾರೆ.”

ಬೋರ್ಡಿನ ಮೇಲೆ ಬರೆದೆವು. 1,550ನ್ನು 24ರಿಂದ ಗುಣಿಸಿ. 37,200 ಆಯಿತು. ಅದರಲ್ಲಿ 30,000 ಕಳೆಯಿರಿ. 7,200 ಉಳಿಯಿತು. ಇದು ಬಡ್ಡಿ. ತಿಂಗಳಿಗೆ 300 ರೂಪಾಯಿ. ಮೂವತ್ತು ಸಾವಿರಕ್ಕೆ 300 ಅಂದರೆ ನೂರಕ್ಕೆ ಒಂದು ರೂಪಾಯಿಯೇ. ಅಂಗಡಿಯವರು ಸುಳ್ಳು ಹೇಳಿಲ್ಲ ಎಂದು ಎಲ್ಲರೂ ಅಂದುಕೊಂಡರು.

ಸ್ವಲ್ಪ ತಾಳಿ. ಅಕ್ಕ ಪ್ರತಿ ತಿಂಗಳು ಕಟ್ಟುವ 1,550ರಲ್ಲಿ 300 ಬಡ್ಡಿ, 1,250 ಅಸಲು. ಅಂದರೆ ಪ್ರತಿ ತಿಂಗಳು ಅಸಲು ಕಡಿಮೆಯಾಗುತ್ತಾ ಹೋಗುತ್ತದೆ. ಒಂದು ವರ್ಷ ಆದಾಗ ಅಕ್ಕನ ಹತ್ತಿರ ಉಳಿದ ಅಸಲು 15,000 ಮಾತ್ರ. ಆದರೆ ಬಡ್ಡಿ ಹಾಕುವುದು ಇನ್ನೂ 30,000ಕ್ಕೆ. ಕೊನೆಯ ತಿಂಗಳು ಉಳಿಯುವ ಅಸಲು 1,250. ಅದಕ್ಕೂ 300 ರೂಪಾಯಿ ಬಡ್ಡಿ!

“ಅಯ್ಯೋ, ಇದೊಳ್ಳೆ ಕಥೆ ಆಯ್ತಲ್ಲ! ನಾನು ಇಪ್ಪತ್ತನಾಲ್ಕು ಸೇರು ರಾಗಿ ಸಾಲ ತಂದು, ತಿಂಗಳಿಗೊಂದು ಸೇರು ವಾಪಸ್ ಅಳೆದು ಕೊಟ್ರೂ, ಕಡೆಗಂಟ ಇಪ್ಪತ್ತನಾಲ್ಕು ಸೇರಿಗೇ ಬಡ್ಡಿ ಹಾಕಿದಂಗೆ” ಅಂದರು ಅಜ್ಜಿ. ನನಗಿಂತ ಚೆನ್ನಾಗಿ ಹೇಳಿದರು.

ಹೀಗೆ ಮೊದಲಿನ ಅಸಲಿಗೇ ಕೊನೆಯವರೆಗೂ ಹಾಕುವ ಬಡ್ಡಿಗೆ ಫ್ಲಾಟ್ ಬಡ್ಡಿ ಎನ್ನುತ್ತಾರೆ. ಉಳಿದ ಅಸಲಿಗೆ ಮಾತ್ರ ಹಾಕುವುದು ಇಳಿಕೆ ಬಡ್ಡಿ. ಇಳಿಕೆ ಲೆಕ್ಕದಲ್ಲಿ ನೂರಕ್ಕೆ ಒಂದು ರೂಪಾಯಿ ಆದರೆ ಅಕ್ಕನ ಕಂತು ಸುಮಾರು 1,412 ರೂಪಾಯಿ ಬರುತ್ತದೆ. ಎರಡು ವರ್ಷದ ಬಡ್ಡಿ ಸುಮಾರು 3,900. ಅಂಗಡಿಯವರು ಕೇಳಿದ್ದು 7,200. ಅವರ ಒಂದು ರೂಪಾಯಿ ನಿಜವಾಗಿ ನೋಡಿದರೆ ಒಂದು ರೂಪಾಯಿ ಎಂಬತ್ತು ಪೈಸೆ. ಮೂರು ರೂಪಾಯಿಯ ಕೈಸಾಲಕ್ಕಿಂತ ಇದು ಕಡಿಮೆಯೇ, ನಿಜ. ಆದರೆ ಒಂದು ರೂಪಾಯಿ ಅಲ್ಲ.

ಇದರ ಜೊತೆಗೆ ಕಾಗದದ ಖರ್ಚು, ವಿಮೆ, ಮೊದಲ ಕಂತು ಮುಂಚೆಯೇ ಹಿಡಿದುಕೊಳ್ಳುವುದು ಎಲ್ಲಾ ಇರುತ್ತದೆ. ಅದನ್ನೂ ಕೇಳಿ ಬರೆದುಕೊಳ್ಳಬೇಕು. ಬ್ಯಾಂಕಾಗಲಿ, ಫೈನಾನ್ಸ್ ಕಂಪನಿಯಾಗಲಿ ಇಂಥ ಸಾಲ ಕೊಡುವಾಗ ಬಡ್ಡಿ, ಖರ್ಚು, ಕಂತು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಕೊಡಬೇಕು. ಅದು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. 2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ಇದನ್ನು ಕಡ್ಡಾಯ ಮಾಡಿದೆ. “ಆ ಹಾಳೆ ಕನ್ನಡದಲ್ಲಿ ಕೊಡಿ” ಎಂದು ಕೇಳಲು ಸಂಕೋಚ ಬೇಡ.

ಅಷ್ಟರಲ್ಲಿ ಅರಕಲಗೂಡು ಕಡೆಯಿಂದ ಈ ಊರಿಗೆ ಸೊಸೆಯಾಗಿ ಬಂದ ತಂಗಿ ಬಾಯಿಬಿಟ್ಟಳು.

“ನಮ್ಮಣ್ಣ ಗೂಡ್ಸ್ ಆಟೋ ತಗೊಂಡಿದ್ದ. ಆಲೂಗೆಡ್ಡೆ, ಶುಂಠಿ ಹಾಸನಕ್ಕೆ ಹೊಡೀತಿದ್ದ. ಎಲ್ಲಾ ಕಂತೂ ಕಟ್ಟಿ ಮುಗಿಸ್ದ. ಆಮೇಲೆ ಚನ್ನರಾಯಪಟ್ಟಣದವರು ಯಾರೋ ಆಟೋ ಕೊಂಡ್ಕೊಳ್ಳಕ್ಕೆ ಬಂದ್ರು. ಆರ್.ಸಿ. ನೋಡಿದ್ರೆ ಅದರಲ್ಲಿ ಇನ್ನೂ ಫೈನಾನ್ಸ್‌ನೋರ ಹೆಸರು! ಬಂದೋರು ಬಂದಂಗೇ ಹೋದ್ರು. ಫೈನಾನ್ಸ್ ಆಫೀಸು ಹುಡ್ಕೊಂಡು ಹೋದ್ರೆ ಅಲ್ಲಿ ಬೇರೆ ಅಂಗಡಿ. ಅಣ್ಣ ಆರು ತಿಂಗಳು ಅಲೆದ.”

ಆ ಅಣ್ಣ ಹಣ ಪೂರ್ತಿ ಕಟ್ಟಿದ್ದರು. ಆದರೆ ಕಾಗದ ಪೂರ್ತಿ ಮಾಡಿರಲಿಲ್ಲ. ವಾಹನವನ್ನು ಕಂತಿನ ಮೇಲೆ ಕೊಂಡರೆ ಆರ್.ಸಿ.ಯಲ್ಲಿ ಕಂಪನಿಯ ಹೆಸರು ಬರೆಯುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಹಾಗೆ ಇದೆ. ಬಾಡಿಗೆ ಖರೀದಿ, ಆಧಾರದ ಸಾಲ, ಲೀಸು ಮೂರಕ್ಕೂ ಇದೇ ನಿಯಮ. ಕೊನೆಯ ಕಂತು ಕಟ್ಟಿದ ಕೂಡಲೇ ಆ ಹೆಸರು ತಾನಾಗಿ ಅಳಿಸಿ ಹೋಗುವುದಿಲ್ಲ. ಬಾಕಿ ಇಲ್ಲ ಎಂಬ ಪತ್ರವನ್ನೂ, ಕಂಪನಿಯವರು ರುಜು ಹಾಕಿದ ಫಾರಂ 35ನ್ನೂ ಕೇಳಿ ಪಡೆಯಬೇಕು. ಅವನ್ನು ಆರ್.ಟಿ.ಓ. ಕಚೇರಿಗೆ ಕೊಟ್ಟು ಹೆಸರು ತೆಗೆಸಬೇಕು. ವಿಮೆಯ ಕಾಗದದಲ್ಲೂ ಕಂಪನಿಯ ಹೆಸರು ಇದ್ದರೆ ಅದನ್ನೂ ತೆಗೆಸಬೇಕು. ರಸೀದಿಗಳನ್ನು ಅಲ್ಲಿಯವರೆಗೆ ಕಾಪಾಡಿ. ಅಕ್ಕಿ ಡಬ್ಬದಲ್ಲಿಟ್ಟರೂ ಸರಿ, ಇಲಿ ಕಡಿಯಬಾರದು.

ತಂಗಿ ಇನ್ನೊಂದು ಮಾತು ಮೆಲ್ಲಗೆ ಹೇಳಿದಳು. “ಆ ಸಾಲಕ್ಕೆ ನಮ್ಮತ್ತಿಗೆ ಹೆಬ್ಬೆಟ್ಟು ಒತ್ತಿದ್ರು. ಯಾಕೆ ಅಂತ ಅವರಿಗೂ ಗೊತ್ತಿಲ್ಲ.”

ಅದು ಜಾಮೀನು. ಸಾಲ ಮಾಡಿದವರು ಕಟ್ಟದಿದ್ದರೆ ಜಾಮೀನು ಹಾಕಿದವರು ಕಟ್ಟಬೇಕು. ನಮ್ಮ ಕಡೆ ಹೆಂಗಸರನ್ನು ಕರೆದು “ಇಲ್ಲೊಂದು ರುಜು ಹಾಕಮ್ಮ, ಸುಮ್ನೆ” ಅನ್ನುತ್ತಾರೆ. ಸುಮ್ಮನೆ ಹಾಕುವ ರುಜು ಇಲ್ಲ. ಖಾಲಿ ಕಾಗದಕ್ಕೂ, ಖಾಲಿ ಚೆಕ್ಕಿಗೂ ರುಜು ಹಾಕಬೇಡಿ. ರುಜು ಹಾಕಿದ ಕಾಗದದ ಒಂದು ನಕಲು ನಿಮ್ಮ ಕೈಯಲ್ಲಿರಲಿ.

ಕಂತು ತಪ್ಪಿದರೆ ಏನು? ಮೊದಲು ನೀವೇ ಹೋಗಿ ಮಾತಾಡಿ, ವಾಯಿದೆ ಕೇಳಿ. ಕಂಪನಿಯವರು ಹಣ ಕೇಳಬಹುದು. ಆದರೆ ರೌಡಿಗಳನ್ನು ಕಳಿಸಿ ವಾಹನ ಎಳೆದುಕೊಂಡು ಹೋಗುವಂತಿಲ್ಲ ಎಂದು 2007ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವಸೂಲಿಯವರು ಬೆಳಿಗ್ಗೆ 8 ಗಂಟೆಗೆ ಮುಂಚೆ, ಸಂಜೆ 7ರ ಮೇಲೆ ಫೋನು ಮಾಡಿ ಕಾಡಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಹೇಳಿದೆ. ತೊಂದರೆ ಆದರೆ ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರಿಗೆ ಅಲ್ಲಿ ವಕೀಲರ ನೆರವು ಉಚಿತ. ವರಮಾನ ಎಷ್ಟಿದ್ದರೂ ಉಚಿತ.

ಹೊಲಿಗೆ ಅಕ್ಕ ಮಾರನೆಯ ದಿನ ಹಾಸನಕ್ಕೆ ಹೋಗಲಿಲ್ಲ. ಮನೆಯಲ್ಲಿ ಕೂತು ತಮ್ಮ ವರಮಾನ ಬರೆದರು. ಮದುವೆ ತಿಂಗಳಲ್ಲಿ ಕೈತುಂಬ ಬ್ಲೌಸು. ಆಷಾಢದಲ್ಲಿ ಏನೂ ಇಲ್ಲ. “ಕಂತಿಗೆ ಆಷಾಢ ಇಲ್ವಲ್ಲ ಟೀಚರಮ್ಮ” ಅಂದರು. ಆಮೇಲೆ ಬ್ಯಾಂಕಿಗೆ ಹೋಗಿ ಮುದ್ರಾ ಸಾಲ ಕೇಳಿದರು. ಅದು 2015ರಲ್ಲಿ ಶುರುವಾದ ಯೋಜನೆ. ಅದರ ಶಿಶು ಸಾಲದಲ್ಲಿ 50,000 ರೂಪಾಯಿವರೆಗೆ ಆಸ್ತಿ ಅಡ ಇಡಬೇಕಿಲ್ಲ. ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯ ಬಗ್ಗೆಯೂ ಸಿ.ಡಿ.ಪಿ.ಓ. ಕಚೇರಿಯಲ್ಲಿ ವಿಚಾರಿಸಿದರು. ಬ್ಯಾಂಕಿಗೆ ನಾಲ್ಕು ಸಲ ಅಲೆಯಬೇಕಾಯಿತು. ಮ್ಯಾನೇಜರು ಒಂದು ದಿನ ಇರಲಿಲ್ಲ, ಇನ್ನೊಂದು ದಿನ ಫೋಟೋ ಸಾಲದು ಅಂದರು. ಕೊನೆಗೆ ಸಾಲ ಸಿಕ್ಕಿತು. ಈಗ ಪವರ್ ಮಿಷನ್ನು ಒಂದು ಬಂದಿದೆ. ಓವರ್‌ಲಾಕ್ ಮಿಷನ್ನು ಮುಂದಿನ ವರ್ಷ ನೋಡೋಣ ಅಂದಿದ್ದಾರೆ.

ಲೆಕ್ಕ ಮಾಡಿ

ಒಂದು ರಾಗಿ ಮಿಲ್ಲಿನ ಬೆಲೆ 60,000 ರೂಪಾಯಿ. ಮುಂಗಡ 12,000 ರೂಪಾಯಿ. ತಿಂಗಳ ಕಂತು 2,480 ರೂಪಾಯಿ. ಒಟ್ಟು 24 ಕಂತು.

ಕಂತುಗಳೆಲ್ಲ ಸೇರಿ ಎಷ್ಟು? ಮುಂಗಡವೂ ಸೇರಿ ಎಷ್ಟು? ಬೆಲೆಗಿಂತ ಎಷ್ಟು ಹೆಚ್ಚು?

(ಉತ್ತರ: 59,520. 71,520. 11,520.)

ನಿಮ್ಮ ಮನೆಯಲ್ಲಿ ಕಂತಿನ ವಸ್ತು ಇದ್ದರೆ ಅದರ ಕಾಗದ ನಾಳೆ ತರಗತಿಗೆ ತನ್ನಿ.