ಬಿಸಿನೀರಿನ ಕುಂಡದಲ್ಲಿ ಮೀಯುವ ಮುನ್ನ

ಬದರಿ, ಯಮುನೋತ್ರಿಗಳ ಯಾತ್ರೆಗೆ ಹೊರಡುವ ಹಿರಿಯರಿಗೆ ದೇವರ ದರ್ಶನದ ಜೊತೆಗೆ ಇನ್ನೊಂದು ಆಸೆ ಇರುತ್ತದೆ. ಅದು ಬಿಸಿನೀರಿನ ಕುಂಡದಲ್ಲಿ ಸ್ನಾನ. ಕೊರೆಯುವ ಚಳಿಯಲ್ಲಿ ಆ ನೀರು ಹಿತವಾಗಿರುತ್ತದೆ, ಬಿಗಿದ ಸ್ನಾಯುಗಳು ಸಡಿಲವಾಗುತ್ತವೆ, ಕೀಲುನೋವೂ ಕೊಂಚ ತಗ್ಗುತ್ತದೆ. ಆದರೆ ಎಚ್ಚರ ತಪ್ಪಿದರೆ ಅದೇ ನೀರು ಪ್ರಾಣಕ್ಕೆ ಎರವಾಗಬಹುದು.

ಬಿಸಿ ಎಲ್ಲೆಡೆ ಒಂದೇ ಅಲ್ಲ

ಭೂಮಿಯ ಆಳಕ್ಕೆ ಇಳಿದ ಮಳೆನೀರು ಅಲ್ಲಿನ ಬಂಡೆಗಳಿಂದ ಕಾದು, ಬಿರುಕುಗಳ ಮೂಲಕ ಮೇಲೆ ಬಂದು ಬುಗ್ಗೆಯಾಗುತ್ತದೆ. ಬದರಿಯ ತಪ್ತಕುಂಡದ ನೀರು ಸಾಕಷ್ಟು ಬಿಸಿಯಾಗಿರುತ್ತದೆ. ಯಮುನೋತ್ರಿಯ ಸೂರ್ಯಕುಂಡದಲ್ಲಿ ಯಾತ್ರಿಕರು ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಬೇಯಿಸಿ ಪ್ರಸಾದವಾಗಿ ತರುತ್ತಾರೆ. ಅಕ್ಕಿ ಬೇಯಿಸುವ ನೀರು ಮೈಯನ್ನೂ ಬೇಯಿಸುತ್ತದೆ! 60 ಡಿಗ್ರಿಯ ನೀರು ಐದಾರು ಸೆಕೆಂಡುಗಳಲ್ಲೇ ಚರ್ಮವನ್ನು ಆಳವಾಗಿ ಸುಡುತ್ತದೆ. ತೆಳು ಚರ್ಮದ ಮಕ್ಕಳಿಗೆ ಅಷ್ಟು ಹೊತ್ತೂ ಬೇಡ. ಆದ್ದರಿಂದ ಸ್ನಾನಕ್ಕೆಂದೇ ಇರುವ ಕುಂಡದಲ್ಲಿ ಮಾತ್ರ, ಮೊದಲು ಮೊಣಕೈ ಅದ್ದಿ ನೋಡಿ ಇಳಿಯಬೇಕು.

ದೇಹದೊಳಗೆ ಏನಾಗುತ್ತದೆ?

ಬಿಸಿನೀರಿನಲ್ಲಿ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ. ರಕ್ತದೊತ್ತಡ ಇಳಿಯುತ್ತದೆ, ಹೃದಯ ಬೇಗ ಬೇಗ ಬಡಿಯುತ್ತದೆ. ಬೆವರಿದರೂ ನೀರಿನೊಳಗೆ ಅದು ಆರುವುದಿಲ್ಲವಾದ್ದರಿಂದ ಮೈ ತಂಪಾಗುವುದಿಲ್ಲ. ಹೀಗಿರುವಾಗ ಥಟ್ಟನೆ ಎದ್ದು ನಿಂತರೆ ತಲೆ ತಿರುಗಿ ನೀರಿನಲ್ಲೇ ಕುಸಿಯಬಹುದು. ಸುಮಾರು 3,100 ಮೀಟರ್ ಎತ್ತರದ ಬದರಿಯಲ್ಲಿ ಗಾಳಿಯೂ ತೆಳು. ಹೃದಯಕ್ಕೆ ದುಪ್ಪಟ್ಟು ದುಡಿಮೆ.

ಯಾರಿಗೆ ಬೇಡ?

ಹೃದ್ರೋಗಿಗಳು, ರಕ್ತದೊತ್ತಡಕ್ಕೆ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಕುಂಡಕ್ಕೆ ಇಳಿಯಬಾರದು. ಮಧುಮೇಹಿಗಳ ಪಾದದಲ್ಲಿ ಸ್ಪರ್ಶಜ್ಞಾನ ಕುಂದಿರಬಹುದು, ಸುಟ್ಟರೂ ತಿಳಿಯದು. ಗರ್ಭಿಣಿಯರ, ಅದರಲ್ಲೂ ಮೊದಲ ಮೂರು ತಿಂಗಳಲ್ಲಿರುವವರ, ಮೈ ಬಹಳ ಕಾದರೆ ಶಿಶುವಿನ ಬೆಳವಣಿಗೆಗೆ ಧಕ್ಕೆಯಾದೀತು. ಎಳೆಯ ಮಕ್ಕಳನ್ನೂ, ಗಾಯವಿದ್ದವರನ್ನೂ, ಮದ್ಯ ಕುಡಿದವರನ್ನೂ ಇಳಿಸಬಾರದು.

ಮೂಗಿಗೆ ನೀರು ಬೇಡ

ಬೆಚ್ಚನೆಯ ಸಿಹಿನೀರಿನಲ್ಲಿ ನೆಗ್ಲೇರಿಯಾ ಎಂಬ ಅಮೀಬಾ ಬದುಕಬಲ್ಲದು. ಅದು ಮೂಗಿನ ಮೂಲಕ ಮಿದುಳು ಸೇರಿದರೆ ಉಳಿಯುವವರು ಅಪರೂಪ. 2024ರಲ್ಲಿ ಕೇರಳದಲ್ಲಿ ಅಮೀಬಾದಿಂದ ಬಂದ ಮಿದುಳು ಜ್ವರಕ್ಕೆ ಮಕ್ಕಳು ಬಲಿಯಾದರು. ಕಾಯಿಲೆ ಬಹಳ ವಿರಳವೇನೋ ಹೌದು. ಆದರೂ ತಲೆ ಮುಳುಗಿಸದಿರುವುದೇ ಕ್ಷೇಮ. ಮುಳುಗಲೇಬೇಕೆಂದರೆ ಮೂಗನ್ನು ಬಿಗಿಯಾಗಿ ಹಿಡಿದುಕೊಳ್ಳಿ.

ನೆನಪಿಡಿ

* ಊಟವಾದ ಕೂಡಲೇ, ಬೆಟ್ಟ ಹತ್ತಿ ಬಂದ ಕೂಡಲೇ ಇಳಿಯಬೇಡಿ. ಅರ್ಧ ಗಂಟೆ ಕುಳಿತು, ನೀರು ಕುಡಿಯಿರಿ.
* ಮೊದಲು ಕಾಲಿಗೆ ನೀರು ಹಾಕಿಕೊಳ್ಳಿ, ಆಮೇಲೆ ಇಳಿಯಿರಿ. ಹತ್ತು ನಿಮಿಷ ಮೀರುವುದು ಬೇಡ.
* ಒಬ್ಬರೇ ಇಳಿಯಬೇಡಿ. ಮೆಟ್ಟಿಲು ಪಾಚಿಯಿಂದ ಜಾರುತ್ತದೆ. ಹಿರಿಯರ ಕೈ ಹಿಡಿದಿರಿ.
* ಎದ್ದ ಕೂಡಲೇ ಮೈ ಒರೆಸಿ ಉಣ್ಣೆ ಬಟ್ಟೆ ತೊಡಿ.

ತಲೆ ಸುತ್ತಿದರೆ ಹೊರಗೆ ಕರೆತಂದು, ಮಲಗಿಸಿ ಕಾಲು ಎತ್ತರಿಸಿ. ಎದೆನೋವು ಬಂದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಸುಟ್ಟರೆ ಉಂಗುರ, ಬಳೆ ತೆಗೆದು, 20 ನಿಮಿಷ ಹರಿಯುವ ತಣ್ಣೀರು ಬಿಡಿ. ತುಪ್ಪ, ಟೂತ್‌ಪೇಸ್ಟ್ ಹಚ್ಚಬೇಡಿ.

ಕುಂಡಕ್ಕೆ ಇಳಿಯಲಾಗದವರು ಬೇಸರಿಸಬೇಕಿಲ್ಲ. ದಡದಲ್ಲಿ ಕುಳಿತು, ಹದವಾಗಿ ಆರಿಸಿದ ನೀರನ್ನು ಚೊಂಬಿನಿಂದ ಮೈಮೇಲೆ ಹಾಕಿಕೊಂಡರೂ ಅದು ತೀರ್ಥಸ್ನಾನವೇ.